ಸೊಂಟದ ಚಾಕು: ವಿನ್ಯಾಸದಲ್ಲಿ ಹಣ ಹಾಕಬೇಕಾದದ್ದು ಎಲ್ಲಿ?

ಸೊಂಟಪಟ್ಟಿಗೆ ತೂಗಿಸಿಕೊಂಡು ತೋಟ, ಕಾಡು, ಚಾರಣಗಳಿಗೆ ಒಯ್ಯುವ ಮಡಚದ ಅಲಗಿನ ಚಾಕು ನೋಟಕ್ಕೆ ಅತಿ ಸರಳವಾದ ಸರಕು. ಒಂದು ಅಲಗು, ಒಂದು ಹಿಡಿ, ಒಂದು ಒರೆ, ಇವಿಷ್ಟೇ ಅದರ ಭಾಗಗಳು. ದೊಡ್ಡ ಯಂತ್ರಸ್ಥಾವರವಿಲ್ಲದೆ ಇದನ್ನು ತಯಾರಿಸಬಹುದಾದುದರಿಂದ ಸಣ್ಣ ಉದ್ದಿಮೆದಾರರಿಗೆ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಈ ಸರಳತೆಯೊಳಗೆ ಒಂದು ಅಪಾಯ ಅಡಗಿದೆ. ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಅಲಗಿನ ಉದ್ದ, ದಪ್ಪ ಮತ್ತು ಹೊಳಪು. ತಯಾರಕನು ಅಲ್ಲಿಯೇ ಹಣ ಸುರಿದು, ಕಣ್ಣಿಗೆ ಕಾಣದ ಹದ ಮತ್ತು ಒರೆಗಳಲ್ಲಿ ಉಳಿತಾಯ ಮಾಡಿದರೆ, ಬಾಯಿ ಚಕ್ಕೆಯೇಳುವ ಚಾಕು ವಾಪಸು ಬರುತ್ತದೆ. ಒರೆ ಹರಿದು ಮೊನೆ ತೊಡೆಗೆ ನಾಟಿದರೆ ಗಿರಾಕಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಇನ್ನು ಅಲಗನ್ನು ಮಿತಿಮೀರಿ ಉದ್ದವಾಗಿಸಿದರಂತೂ ಸರಕು ಶಸ್ತ್ರಾಸ್ತ್ರ ಕಾನೂನಿನ ವ್ಯಾಪ್ತಿಗೇ ಬರಬಹುದು.

ಮೋರಾ ಪಟ್ಟಣದ ನಿದರ್ಶನ

ಈ ವಿಷಯದಲ್ಲಿ ಸ್ವೀಡನ್ ದೇಶದ ದಲಾರ್ನಾ ಪ್ರಾಂತ್ಯದ ಮೋರಾ ಚಾಕು ಅಧ್ಯಯನಯೋಗ್ಯವಾದ ನಿದರ್ಶನ. ಮೋರಾ ಪಟ್ಟಣದ ಸಮೀಪದ ಓಸ್ಟ್‌ನೋರ್ ಎಂಬ ಹಳ್ಳಿಯಲ್ಲಿ 1891ರಲ್ಲಿ, ಅಮೆರಿಕದಿಂದ ಮರಳಿ ಬಂದ ಫ್ರಾಸ್ಟ್ಸ್ ಎರಿಕ್ ಮ್ಯಾಟ್ಸನ್ ಎಂಬುವರು ಮರದ ದಿಮ್ಮಿ ಸಾಗಿಸುವ ಜಾರುಬಂಡಿಗಳ ಕಾರ್ಖಾನೆಯನ್ನು ತೆರೆದರು. ಜಾರುಬಂಡಿಯ ಜೊತೆಗೆ ಆರಂಭವಾದ ಚಾಕುವಿನ ತಯಾರಿಕೆಯೇ ಕಾಲಕ್ರಮದಲ್ಲಿ ಮುಖ್ಯ ಉದ್ಯಮವಾಯಿತು. 1912ರಲ್ಲಿ ಅದೇ ಹಳ್ಳಿಯಲ್ಲಿ ಕೆ.ಜೆ. ಎರಿಕ್ಸನ್ ಸಂಸ್ಥೆ ಹುಟ್ಟಿತು. ಈ ಎರಡೂ ಮನೆತನಗಳ ಸಂಸ್ಥೆಗಳು 2005ರಲ್ಲಿ ಒಂದಾದವು. 2016ರಿಂದ ಸಂಸ್ಥೆಯ ಹೆಸರು ಮೋರಾಕ್ನಿವ್.

ಇವರ ‘ಕಂಪ್ಯಾನಿಯನ್’ ಮಾದರಿಯ ಅಲಗಿನ ಉದ್ದ ಸುಮಾರು 10 ಸೆಂಟಿಮೀಟರ್, ದಪ್ಪ 2.5 ಮಿಲಿಮೀಟರ್. ಹಿಡಿ ಪ್ಲಾಸ್ಟಿಕ್ಕಿನದು, ಒರೆಯೂ ಪ್ಲಾಸ್ಟಿಕ್ಕಿನದು. ಅಲಗಿನ ಉಕ್ಕು ಹಿಡಿಯ ಪೂರ್ತಿ ಉದ್ದಕ್ಕೂ ಸಾಗುವುದಿಲ್ಲ. ಕೆತ್ತನೆಯಿಲ್ಲ, ಹಿತ್ತಾಳೆಯ ಕಟ್ಟಿಲ್ಲ. ಆದರೆ ಉಕ್ಕು ಉತ್ತಮವಾದುದು, ಹದ ಏಕರೀತಿಯದು, ಹಿಡಿ ಅಂಗೈಗೆ ಒಪ್ಪುವಂಥದು. ಅಂದರೆ ವೆಚ್ಚವೆಲ್ಲ ಬಳಕೆದಾರನ ಕೈಗೆ ತಾಗುವ ಕಡೆಗೆ ಸಂದಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಗ್ರಂಥಪಾಲಕರಾಗಿದ್ದು ಅನಂತರ ಸ್ಮೋಕಿ ಬೆಟ್ಟಗಳಲ್ಲಿ ನೆಲೆಸಿದ ಹೊರೇಸ್ ಕೆಫಾರ್ಟ್ ಅವರು ಕಾಡಿನ ವಾಸವನ್ನು ಕುರಿತ ತಮ್ಮ 1906ರ ಗ್ರಂಥದಲ್ಲಿ ಇದೇ ನಿಲುವು ತಳೆದಿದ್ದರು. ಪ್ರದರ್ಶನದ ದೊಡ್ಡ ಚಾಕುವಿಗಿಂತ ನಾಲ್ಕೂಕಾಲು ಅಂಗುಲ ಅಲಗಿನ ಸಾದಾ ಚಾಕು ಮೇಲೆಂಬುದು ಅವರ ಅನುಭವವಾಗಿತ್ತು.

ನಮ್ಮ ಮಲೆನಾಡಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕೊಂಬೆ ಕಡಿಯಲು, ಪೊದೆ ಸವರಲು ಇಲ್ಲಿಯ ದುಡಿಯುವವರ ಸೊಂಟದಲ್ಲಿ ಕತ್ತಿ ಈಗಾಗಲೇ ಇದೆ. ಚಾಕು ಅದರ ಸ್ಥಾನ ತುಂಬಬೇಕಾಗಿಲ್ಲ. ಹಗ್ಗ ಕತ್ತರಿಸುವುದು, ಗೊಬ್ಬರದ ಚೀಲ ಬಿಚ್ಚುವುದು, ಹನಿ ನೀರಾವರಿಯ ಪೈಪು ಕೊಯ್ಯುವುದು, ಗೂಟದ ತುದಿ ಚೂಪು ಮಾಡುವುದು, ಹಣ್ಣು ತರಕಾರಿ ಹೆಚ್ಚುವುದು, ಇವೇ ಅದರ ಕೆಲಸಗಳು. ಇವುಗಳಲ್ಲಿ ಯಾವುದಕ್ಕೂ ನಾಲ್ಕು ಅಂಗುಲಕ್ಕಿಂತ ಉದ್ದವಾದ ಅಲಗು ಬೇಕಾಗುವುದಿಲ್ಲ.

ದಪ್ಪದ ಲೆಕ್ಕ

ಅಲಗು ದಪ್ಪವಾದಷ್ಟೂ ಗಟ್ಟಿ ಎಂಬ ಭಾವನೆ ಮಾರುಕಟ್ಟೆಯಲ್ಲಿದೆ. ಇದರ ವೆಚ್ಚವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬಾಯಿಯ ಇಳಿಜಾರನ್ನು ಎರಡೂ ಮಗ್ಗುಲಲ್ಲಿ ತಲಾ 12.5 ಡಿಗ್ರಿ ಕೋನದಲ್ಲಿ ಉಜ್ಜುವುದೆಂದು ಇಟ್ಟುಕೊಂಡರೆ, 2.5 ಮಿ.ಮೀ. ದಪ್ಪದ ಅಲಗಿನಲ್ಲಿ ಇಳಿಜಾರಿನ ಎತ್ತರ ಸುಮಾರು 5.6 ಮಿ.ಮೀ. ಆಗುತ್ತದೆ; 5 ಮಿ.ಮೀ. ದಪ್ಪದ ಅಲಗಿನಲ್ಲಿ ಸುಮಾರು 11.3 ಮಿ.ಮೀ. ಉಜ್ಜಿ ತೆಗೆಯಬೇಕಾದ ಉಕ್ಕು ಮಾತ್ರ ಎರಡರಷ್ಟಲ್ಲ, ನಾಲ್ಕರಷ್ಟು. ಹೀಗಾಗಿ ದಪ್ಪ ಇಮ್ಮಡಿಯಾದರೆ ಉಕ್ಕಿನ ಬೆಲೆ ಇಮ್ಮಡಿಯಾಗುತ್ತದೆ. ಸಾಣೆಪಟ್ಟಿ, ವಿದ್ಯುತ್ತು ಮತ್ತು ಕೂಲಿಯ ಬಾಬ್ತು ಅದಕ್ಕಿಂತ ಬಹುಪಾಲು ಹೆಚ್ಚುತ್ತದೆ. ಇಷ್ಟು ಖರ್ಚಿನ ಅನಂತರ ಕೈಗೆ ಬರುವುದು ಸೌದೆ ಸೀಳಲು ಒದಗುವ, ಆದರೆ ಈರುಳ್ಳಿ ಹೆಚ್ಚಲು ಬಾರದ ಚಾಕು. ಸಾಮಾನ್ಯ ಬಳಕೆಗೆ 2.5ರಿಂದ 3 ಮಿ.ಮೀ. ಧಾರಾಳವಾಗಿ ಸಾಕು.

ಅಲಗು ಹಿಡಿಯ ಕೊನೆಯವರೆಗೂ ಪೂರ್ಣ ಅಗಲದಲ್ಲಿ ಸಾಗಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಉಕ್ಕಿನ ತೂಕದಲ್ಲಿ ಇದರ ವ್ಯತ್ಯಾಸ ಅಲ್ಪ. 110 ಮಿ.ಮೀ. ಉದ್ದ, 3 ಮಿ.ಮೀ. ದಪ್ಪದ ಹಿಡಿಭಾಗವನ್ನು 25 ಮಿ.ಮೀ. ಅಗಲದ ಬದಲು 10 ಮಿ.ಮೀ. ಅಗಲಕ್ಕೆ ಇಳಿಸಿದರೆ ಉಳಿಯುವುದು 39 ಗ್ರಾಂ ಮಾತ್ರ. ನಿಜವಾದ ವ್ಯತ್ಯಾಸವಿರುವುದು ಕೂಲಿಯಲ್ಲಿ. ಪೂರ್ಣ ಅಗಲದ ಉಕ್ಕಿಗೆ ಎರಡು ಮರದ ಹಲಗೆ ಅಂಟಿಸಿ, ಮೊಳೆ ಬಡಿದು, ಪ್ರತಿಯೊಂದನ್ನೂ ಕೈಯಿಂದ ಉಜ್ಜಿ ಸಮ ಮಾಡಬೇಕಾಗುತ್ತದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಹಿಡಿಗೆ ಆ ಶ್ರಮವಿಲ್ಲ, ಆದರೆ ಅಚ್ಚಿನ ಬಂಡವಾಳವಿದೆ. ಅಚ್ಚಿಗೆ ಮೂರು ಲಕ್ಷ ರೂಪಾಯಿ ತಗಲುವುದೆಂದು ಭಾವಿಸಿದರೆ, ಸಾವಿರ ಚಾಕುಗಳ ಮೇಲೆ ತಲಾ 300 ರೂಪಾಯಿ ಬೀಳುತ್ತದೆ. ಮೂವತ್ತು ಸಾವಿರದ ಮೇಲೆ ತಲಾ 10 ರೂಪಾಯಿ. ಮೋರಾದ ಮಾರ್ಗ ಮೂವತ್ತು ಸಾವಿರದವರದು. ಮೊದಲ ಸಾವಿರ ತಯಾರಿಸುವವರು ಮರದ ಹಿಡಿಯಲ್ಲಿಯೇ ಆರಂಭಿಸುವುದು ಲೇಸು.

ಮರ ಆರಿಸುವಾಗ ಬೀಟೆಯ ವಿಷಯದಲ್ಲಿ ಎಚ್ಚರವಿರಲಿ. 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವನ್ಯಪ್ರಭೇದ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದೆ. ರಫ್ತಿನ ಆಲೋಚನೆಯುಳ್ಳವರಿಗೆ ಇದು ತೊಡಕಾಗಬಹುದು. ಜಿಂಕೆ, ಕಡವೆಗಳ ಕೊಂಬಿನ ಹಿಡಿಯನ್ನಂತೂ ಯೋಚಿಸಲೇಬಾರದು. ಅದರ ವ್ಯಾಪಾರವು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಅಡಿಯಲ್ಲಿ ಅಪರಾಧ. ಜಾಲಿಯಂತಹ ಗಟ್ಟಿಮರ ಸಾಕು. ಹಿಡಿಯ ಅಡ್ಡಸೀಳು ಮೊಟ್ಟೆಯಾಕಾರದಲ್ಲಿರಬೇಕು. ಬೆರಳುಗಳಿಗೆಂದು ಗುಳಿ ತೋಡಬಾರದು, ಏಕೆಂದರೆ ಒಬ್ಬರ ಬೆರಳಿಗೆ ಹೊಂದುವ ಗುಳಿ ಮತ್ತೊಬ್ಬರಿಗೆ ಬೊಕ್ಕೆ ತರಿಸುತ್ತದೆ. ತೇವದ ಕೈ ಮುಂದಕ್ಕೆ ಜಾರದಂತೆ ಅಲಗಿನ ಬುಡದಲ್ಲಿ ಒಂದು ಸಣ್ಣ ತಡೆ ಇದ್ದರೆ ಸಾಕು. ಕಿತ್ತಳೆ ಅಥವಾ ಕೆಂಪು ಬಣ್ಣ ತರಗೆಲೆಯ ನಡುವೆ ಬಿದ್ದ ಚಾಕುವನ್ನು ಹುಡುಕಿಕೊಡುತ್ತದೆ. ಈ ಸೌಲಭ್ಯದ ಬೆಲೆ ಒಂದು ಲೇಪ ಬಣ್ಣ.

ಉಕ್ಕು ಮತ್ತು ಹದ

ಹಳ್ಳಿಯ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಕತ್ತಿಗಳನ್ನು ಮಾಡುತ್ತಾರೆ. ಅದರ ಇಂಗಾಲದ ಅಂಶ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6. ಹೊಡೆತ ತಾಳುವ ಕತ್ತಿಗೆ ಅದು ತಕ್ಕುದೇ. ಆದರೆ ಹೆಸರಿಟ್ಟು ಸಾವಿರಗಟ್ಟಲೆ ಮಾರುವ ಸರಕಿಗೆ ಗುಜರಿ ಪಟ್ಟಿ ತಕ್ಕುದಲ್ಲ. ಒಂದೊಂದು ಪಟ್ಟಿಯ ಉಕ್ಕು ಒಂದೊಂದು ಬಗೆಯದು. ವರ್ಷಗಳ ಹೊರೆಯಿಂದ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು. ಬಿಲ್ಲಿಲ್ಲದೆ ಕೊಂಡ ಗುಜರಿಗೆ ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ಇನ್ನು ಪಾತ್ರೆ ತಯಾರಿಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಷ್ಟು ಹೊಳೆದರೂ ಕಾಸಿ ಅದ್ದಿ ಹದಕ್ಕೆ ತರಲು ಬಾರದು. ಅದರಿಂದ ಮಾಡಿದ ಚಾಕು ಪ್ರದರ್ಶನದ ವಸ್ತು ಮಾತ್ರ.

ಶೇಕಡಾ 0.95ರಷ್ಟು ಇಂಗಾಲವುಳ್ಳ 1095 ದರ್ಜೆಯ ಸಾದಾ ಉಕ್ಕು ಸುಲಭವಾಗಿ ಹದಕ್ಕೆ ಬರುತ್ತದೆ, ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಅದರ ದೋಷ ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆಯಾಗಿಟ್ಟರೆ ಸಾಕು. ಅಡಿಕೆಯ ಚೊಗರು ತಾಗಿದರೆ ಅಲಗು ಕಪ್ಪಾಗುತ್ತದೆ; ಇದು ದೋಷವಲ್ಲವೆಂದು ಚೀಟಿಯಲ್ಲಿ ಮುದ್ರಿಸದಿದ್ದರೆ ಗಿರಾಕಿ ದೂರು ತರುವುದು ಖಂಡಿತ. ತುಕ್ಕು ಬೇಡವೆಂದರೆ ಶೇಕಡಾ 0.6 ಇಂಗಾಲ ಮತ್ತು 13.5 ಕ್ರೋಮಿಯಂ ಉಳ್ಳ ಸ್ವೀಡನ್ನಿನ 12ಸಿ27ರಂತಹ ಉಕ್ಕು ಉಂಟು, ಮೋರಾದವರು ಬಳಸುವುದೂ ಅದನ್ನೇ. ಆದರೆ ಅದನ್ನು 1,050 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಸಬೇಕಾದುದರಿಂದ ಕುಲುಮೆಯ ಕೆಲಸವಲ್ಲ. ನಿಯಂತ್ರಿತ ಕುಲುಮೆಯುಳ್ಳ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಕಳುಹಿಸಬೇಕು.

ಸಾದಾ ಉಕ್ಕಿನ ಹದವೂ ಕಣ್ಣಳತೆಗೆ ಬಿಡುವಂಥದಲ್ಲ. ಉಕ್ಕು ಸುಮಾರು 770 ಡಿಗ್ರಿ ತಲುಪಿದಾಗ ಅಯಸ್ಕಾಂತಕ್ಕೆ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಇನ್ನೂ ಕೊಂಚ ಮೇಲಕ್ಕೆ, 800ರ ಆಸುಪಾಸಿಗೆ ಒಯ್ದು ಎಣ್ಣೆಯಲ್ಲಿ ಅದ್ದಬೇಕು. ಕಾವು ಅತಿಯಾದರೆ ಉಕ್ಕಿನ ಕಣ ದೊಡ್ಡದಾಗಿ ಅಲಗು ಬಿಸ್ಕತ್ತಿನಂತೆ ಮುರಿಯುತ್ತದೆ. ಅದ್ದಿದ ಅಲಗು ಗಾಜಿನಷ್ಟು ಪೆಡಸು. ತಡಮಾಡದೆ ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ ಮತ್ತೆ ಕಾಸಿ ಆ ಪೆಡಸುತನವನ್ನು ಇಳಿಸಬೇಕು. ರಾಕ್‌ವೆಲ್ ಸಿ ಮಾಪಕದಲ್ಲಿ 56ರಿಂದ 58 ಬಂದರೆ ಹೊರಗಿನ ಬಳಕೆಗೆ ಸರಿ. 50ಕ್ಕಿಂತ ಕೆಳಗಿಳಿದರೆ ಬಾಯಿ ಮಡಚಿಕೊಳ್ಳುತ್ತದೆ. ಪ್ರತಿ ಕುಲುಮೆಯ ಜೊತೆಗೆ ಅದೇ ಉಕ್ಕಿನ ಒಂದು ತುಂಡನ್ನಿಟ್ಟು, ಅದ್ದಿದ ಮೇಲೆ ಮುರಿದು ಒಳಗಿನ ಕಣವನ್ನು ನೋಡುವುದು ಖರ್ಚಿಲ್ಲದ ಪರೀಕ್ಷೆ. ಸಿದ್ಧವಾದ ಅಲಗಿನ ಬಾಯಿಯನ್ನು ಹಿತ್ತಾಳೆಯ ಕಂಬಿಯ ಮೇಲೆ ಒತ್ತಿ ಎಳೆದಾಗ ಅದು ಕೊಂಚ ಬಾಗಿ ಮತ್ತೆ ನೆಟ್ಟಗಾಗಬೇಕು. ಬಾಗಿಯೇ ಉಳಿದರೆ ಮೆದು, ಚಕ್ಕೆಯೆದ್ದರೆ ಪೆಡಸು.

ಹದಕ್ಕೆ ಹೊರಗೆ ಕಳುಹಿಸುವವರು ವಿತರಣಾ ಚಲನ್ ಬರೆಯಲು ಮರೆಯಬಾರದು. ಜಿ.ಎಸ್.ಟಿ. ಕಾನೂನಿನಂತೆ ಜಾಬ್‌ವರ್ಕ್‌ಗೆ ಹೋದ ಅಲಗುಗಳು ಒಂದು ವರ್ಷದೊಳಗೆ ಮರಳದಿದ್ದರೆ ಸಾಮಾನ್ಯವಾಗಿ ಅವನ್ನು ಕಳುಹಿಸಿದ ದಿನವೇ ಮಾರಿದಂತೆ ಭಾವಿಸಲಾಗುತ್ತದೆ.

ಒರೆಯ ವಿಷಯಕ್ಕೆ ಬಂದರೆ, ಕೆಲಸ ಮಾಡುವವನು ಬಗ್ಗುತ್ತಾನೆ, ಜಾರಿ ಬೀಳುತ್ತಾನೆ, ದ್ವಿಚಕ್ರ ವಾಹನದ ಮೇಲೆ ಕೂರುತ್ತಾನೆ. ಈ ಮೂರು ಸಂದರ್ಭಗಳಲ್ಲಿಯೂ ಚಾಕು ಒರೆಯಲ್ಲಿಯೇ ಇರಬೇಕು, ಮೊನೆ ಒರೆಯನ್ನು ತೂರಿ ಹೊರಬರಬಾರದು, ಹಿಡಿ ಪಕ್ಕೆಲುಬಿಗೆ ಚುಚ್ಚಬಾರದು. ಚರ್ಮದ ಒರೆಯಾದರೆ ಹೊಲಿಗೆಯ ಒಳಬದಿಯಲ್ಲಿ ಇನ್ನೊಂದು ಚರ್ಮದ ಪಟ್ಟಿ ಸೇರಿಸಿ ಹೊಲಿಯಬೇಕು; ಇಲ್ಲವಾದರೆ ಬಾಯಿ ದಿನಕ್ಕಿಷ್ಟು ದಾರ ಕೊಯ್ಯುತ್ತ ಹೋಗಿ ಒಂದು ದಿನ ಒರೆಯೇ ಸೀಳುತ್ತದೆ. ಚರ್ಮ ತೊಗಟೆಯಿಂದ ಹದ ಮಾಡಿದ್ದಾಗಿರಲಿ, ಕ್ರೋಮ್ ಹದದ ಚರ್ಮದ ಲವಣಗಳು ಉಕ್ಕನ್ನು ತಿನ್ನಬಲ್ಲವು. ಮಳೆನಾಡಿಗೆ ತಳದಲ್ಲಿ ನೀರು ಇಳಿಯುವ ರಂಧ್ರವುಳ್ಳ ಪ್ಲಾಸ್ಟಿಕ್ ಒರೆಯೇ ಉತ್ತಮ. ಎಡಗೈಯವರಿಗೂ ಒದಗುವಂತೆ ಕೊಂಡಿಯನ್ನು ಎರಡೂ ಕಡೆ ಸಿಕ್ಕಿಸುವ ವ್ಯವಸ್ಥೆ ಇರಬೇಕು.

ಕಾನೂನು ಮತ್ತು ತೆರಿಗೆ

ಶಸ್ತ್ರಾಸ್ತ್ರ ನಿಯಮಗಳು, 2016ರ ಮೊದಲನೆಯ ಅನುಸೂಚಿಯ ಐದನೆಯ ವರ್ಗದಲ್ಲಿ ಕತ್ತಿ, ಕಠಾರಿಗಳ ಜೊತೆಗೆ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳು ಸೇರಿವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ವಿನ್ಯಾಸಗೊಳಿಸಿದವುಗಳಿಗೆ ಇದರಿಂದ ವಿನಾಯಿತಿಯಿದೆ. ನಾಲ್ಕು ಅಂಗುಲ ಉದ್ದ, ಒಂದು ಅಂಗುಲ ಅಗಲದ ಅಲಗು ಈ ಮಿತಿಯಿಂದ ಬಹು ದೂರದಲ್ಲಿದೆ. ಆದರೂ ಎರಡೂ ಬದಿ ಹರಿತಗೊಳಿಸಿ ಕಠಾರಿಯ ರೂಪ ಕೊಡುವುದು, ಪೆಟ್ಟಿಗೆಯ ಮೇಲೆ ಕಾದಾಟದ ಚಿತ್ರ ಮುದ್ರಿಸುವುದು ಅವಿವೇಕ. ವಸ್ತುವಿನ ಉದ್ದೇಶದ ಬಗ್ಗೆ ಪ್ರಶ್ನೆ ಬಂದ ದಿನ ತಯಾರಕನ ಜಾಹೀರಾತೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ.

ಬಳಕೆದಾರನಿಗೆ ಸಂಬಂಧಿಸಿದ ಇನ್ನೊಂದು ಅಂಶ ಬಹು ಜನರಿಗೆ ತಿಳಿದಂತಿಲ್ಲ. 1972ರ ವನ್ಯಜೀವಿ ಅಧಿನಿಯಮದ ವ್ಯಾಖ್ಯೆಯಲ್ಲಿ ‘ಆಯುಧ’ವೆಂದರೆ ಬಂದೂಕು, ಬಲೆ, ಉರುಲುಗಳ ಜೊತೆಗೆ ಚಾಕುವೂ ಸೇರಿದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಪೂರ್ವಾನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ಕುದುರೆಮುಖ ಚಾರಣಕ್ಕೆ ಹೊರಟ ಯುವಕನಿಗೆ ಸೊಂಟದ ಚಾಕು ಮಾರುವ ಅಂಗಡಿಯವರು ಈ ಮಾತನ್ನು ಬಾಯಿಬಿಟ್ಟು ಹೇಳುವುದು ಕರ್ತವ್ಯ. ಚೀಟಿಯಲ್ಲಿ ಅಚ್ಚಾಗಿದ್ದರೆ ಇನ್ನೂ ಒಳಿತು.

ತೆರಿಗೆಯ ದೃಷ್ಟಿಯಿಂದಲೂ ವಿನ್ಯಾಸಕ್ಕೆ ಬೆಲೆಯುಂಟು. ಮಡಚದ ಅಲಗಿನ ಚಾಕು 8211ನೆಯ ಶೀರ್ಷಿಕೆಗೆ ಸೇರುತ್ತದೆ. ಆ ಶೀರ್ಷಿಕೆಯ ಜಿ.ಎಸ್.ಟಿ. ದರವನ್ನು 2022ರ ಜುಲೈ 18ರಿಂದ ಶೇಕಡಾ 12ರಿಂದ 18ಕ್ಕೆ ಏರಿಸಲಾಯಿತು. ದರಪಟ್ಟಿ ಆಗಾಗ ಬದಲಾಗುವುದರಿಂದ ಬಿಲ್ಲು ಬರೆಯುವ ದಿನದ ದರವನ್ನು ಪರಿಶೀಲಿಸಬೇಕು. ಕೃಷಿ, ತೋಟಗಾರಿಕೆ, ಅರಣ್ಯ ಕೆಲಸಗಳಿಗೆ ಕೈಯಿಂದ ಬಳಸುವ ಕೊಡಲಿ, ಕಡಿಯುವ ಕತ್ತಿ, ಕುಡುಗೋಲುಗಳು 8201ನೆಯ ಶೀರ್ಷಿಕೆಯಡಿ ತೆರಿಗೆಮುಕ್ತ. ಇದನ್ನು ಕಂಡು ಚಾಕುವಿಗೆ ‘ಕೃಷಿ ಉಪಕರಣ’ ಎಂದು ಬಿಲ್ಲು ಬರೆಯುವ ಆಸೆ ಹುಟ್ಟಬಹುದು. ಆದರೆ ಶೀರ್ಷಿಕೆಯನ್ನು ನಿರ್ಣಯಿಸುವುದು ವಸ್ತುವಿನ ಸ್ವರೂಪವೇ ಹೊರತು ಬಿಲ್ಲಿನ ಒಕ್ಕಣೆಯಲ್ಲ. ಅಲ್ಲದೆ ತೆರಿಗೆಮುಕ್ತ ಸರಕಿಗೆ ಬಳಸಿದ ಉಕ್ಕು, ಪ್ಲಾಸ್ಟಿಕ್ಕು, ಹದದ ಕೂಲಿಗಳ ಮೇಲೆ ತೆತ್ತ ತೆರಿಗೆಯ ಜಮೆ ಸಿಗುವುದಿಲ್ಲ. ಎರಡೂ ಬಗೆಯ ಸರಕು ತಯಾರಿಸುವ ಘಟಕಗಳು ಉಕ್ಕಿನ ದಾಸ್ತಾನು ಪುಸ್ತಕವನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿ ಬರೆದರೆ ವರ್ಷಾಂತ್ಯದಲ್ಲಿ ಜಮೆ ಹಂಚುವ ತಕರಾರು ಇರುವುದಿಲ್ಲ.

ಅಚ್ಚಿಗೆ ಹಣ ಕಟ್ಟುವ ಮುನ್ನ ಇಪ್ಪತ್ತು ಚಾಕುಗಳನ್ನು ಮರದ ಹಿಡಿಯಲ್ಲಿ ತಯಾರಿಸಿ, ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ದುಡಿಯುವವರ ಕೈಗೆ ಜೂನ್ ತಿಂಗಳಲ್ಲಿ ಕೊಟ್ಟು ಸೆಪ್ಟೆಂಬರ್ ಕೊನೆಗೆ ಮರಳಿ ಪಡೆಯುವುದು ಸೂಕ್ತ. ಒಂದೊಂದಕ್ಕೂ ಕ್ರಮಸಂಖ್ಯೆ ಕೊರೆದಿದ್ದು, ಯಾವ ಕುಲುಮೆಯಲ್ಲಿ ಹದಗೊಂಡಿತೆಂಬುದು ಪುಸ್ತಕದಲ್ಲಿ ನಮೂದಾಗಿರಬೇಕು. ಮರಳಿ ಬಂದಾಗ ಅಲಗಿನ ಬಾಯಿಗಿಂತ ಮೊದಲು ನೋಡಬೇಕಾದದ್ದು ಒರೆಯ ಹೊಲಿಗೆ ಮತ್ತು ಅದರ ಮೊನೆಭಾಗ.