ಬಿಟ್ಟ ಊಟದ ದುಡ್ಡು ಕಟ್ಟಿದ ಮನೆಗಳು

1695ರ ಈಸ್ಟರ್ ಹೊತ್ತು. ಜರ್ಮನಿಯ ಹಾಲೆ ಪಟ್ಟಣದ ಅಂಚಿನಲ್ಲಿ ಗ್ಲೌಖಾ ಎಂಬ ಬಡವರ ಕೇರಿ. ಅಲ್ಲಿನ ಲೂಥರನ್ ಪಾದ್ರಿ ಆಗಸ್ಟ್ ಹೆರ್ಮನ್ ಫ್ರಾಂಕೆ ಇಲ್ಲದವರಿಗಾಗಿ ತಮ್ಮ ಮನೆಯಲ್ಲೇ ಒಂದು ಕಾಣಿಕೆ ಡಬ್ಬಿ ಇಟ್ಟಿದ್ದರು. ಯಾರೋ ಬಂದವರು ಅದರಲ್ಲಿ 4 ಟಾಲರ್ 16 ಗ್ರೋಶನ್ ಹಾಕಿ ಹೋದರು. ಫ್ರಾಂಕೆ ಅದನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ. ಇದು ಬಂಡವಾಳ ಎಂದುಕೊಂಡು ಪುಸ್ತಕ ಕೊಂಡರು, ಕಲಿಸಲು ಒಬ್ಬ ವಿದ್ಯಾರ್ಥಿಯನ್ನು ಗೊತ್ತುಮಾಡಿದರು, ಬಡ ಮಕ್ಕಳ ಶಾಲೆ ತೆರೆದರು. 1698ರಲ್ಲಿ ಅನಾಥಾಲಯದ ಅಡಿಗಲ್ಲು ಬಿತ್ತು. ಅದರ ಬೆನ್ನಿಗೇ ಔಷಧಾಲಯ, ಮುದ್ರಣಾಲಯಗಳೂ ಬಂದವು. ಇದೇ ಹಾಲೆಯಲ್ಲಿ ಕಲಿತ ಮಿಷನರಿ ಬಾರ್ತಲೋಮಿಯಸ್ ಜೀಗನ್‌ಬಾಲ್ಗ್ 1706ರ ಜುಲೈ 9ರಂದು ತಮಿಳುನಾಡಿನ ತರಂಗಂಬಾಡಿಯಲ್ಲಿ ಇಳಿದರು. ಭಾರತದ ಲೂಥರನ್ ಸಭೆಗಳ ಕತೆ ಅಲ್ಲಿಂದ ಶುರು.

ಇಂಥ ಕಾಣಿಕೆ ಡಬ್ಬಿಗಳು ಮನೆಮನೆಗೆ ಬರುವುದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಬೂದಿ ಬುಧವಾರದಿಂದ ಈಸ್ಟರ್ ಮುನ್ನಾದಿನದವರೆಗೆ, ಭಾನುವಾರಗಳನ್ನು ಬಿಟ್ಟು ನಲವತ್ತು ದಿನದ ಈ ಹೊತ್ತೇ ಶ್ರಮಕಾಲ. ಕೇರಳದ ಸಿರಿಯನ್ ಕ್ರೈಸ್ತರು ಐವತ್ತು ದಿನದ ನೋಂಬು, ಅಂದರೆ ಉಪವಾಸ ಹಿಡಿಯುತ್ತಾರೆ. ಉಪವಾಸದಿಂದ ಪುಣ್ಯ ಗಳಿಸಬಹುದು ಎಂಬುದನ್ನು ಲೂಥರನ್ ಪಂಥದ ಮೂಲಪುರುಷ ಮಾರ್ಟಿನ್ ಲೂಥರ್ ಒಪ್ಪಲಿಲ್ಲ. ಉಪವಾಸವೇ ಬೇಡ ಎನ್ನಲೂ ಇಲ್ಲ. ಪುಣ್ಯದ ಲೆಕ್ಕ ಕಳಚಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ನಾನು ಬಿಟ್ಟ ಊಟ ಯಾರ ತಟ್ಟೆಗೆ ಹೋಯಿತು? ಲೂಥರನ್ ಸಭೆಗಳ ಶ್ರಮಕಾಲದ ಕಾಣಿಕೆಗೆ ಅರ್ಥ ಬರುವುದು ಈ ಪ್ರಶ್ನೆಯಿಂದ.

ಕೊಡುವ ಮನಸ್ಸಿನಷ್ಟೇ ಲೆಕ್ಕವೂ ಶುದ್ಧವಾಗಿರಬೇಕು ಎಂಬುದು ಈ ಪರಂಪರೆಯ ಮೊದಲ ಪಾಠ. 1523ರಲ್ಲಿ ಸ್ಯಾಕ್ಸನಿಯ ಲೈಸ್ನಿಗ್ ಊರಿನವರು ಸಭೆಯ ಹಣಕ್ಕೆಂದು ಒಂದು ಸಾಮಾನ್ಯ ಪೆಟ್ಟಿಗೆ ಮಾಡಿದರು. ಅದಕ್ಕೆ ನಾಲ್ಕು ಬೀಗ. ಒಂದು ಕೀಲಿ ಜಮೀನುದಾರರ ಬಳಿ, ಒಂದು ನಗರಸಭೆಯ ಬಳಿ, ಒಂದು ಪಟ್ಟಣದ ನಾಗರಿಕರ ಬಳಿ, ಇನ್ನೊಂದು ಹಳ್ಳಿಯ ರೈತರ ಬಳಿ. ನಾಲ್ವರೂ ಕೂಡದೆ ಪೆಟ್ಟಿಗೆ ತೆರೆಯುವಂತಿಲ್ಲ. ಅನಾಥರಿಗೆ, ವೃದ್ಧರಿಗೆ, ದುಡಿಯಲಾಗದವರಿಗೆ ಅದರಿಂದ ನೆರವು. ಈ ಕಟ್ಟಳೆಗೆ ಲೂಥರ್ ತಾವೇ ಮುನ್ನುಡಿ ಬರೆದು ಅಚ್ಚು ಹಾಕಿಸಿದರು.

ನಮ್ಮ ಕರಾವಳಿಗೆ ಈ ಧಾರೆ ಹರಿದದ್ದು ಬಾಸೆಲ್ ಮಿಷನ್ ಮೂಲಕ. 1815ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ನರೂ ಸ್ವಿಸ್ ಸುಧಾರಿತ ಸಭೆಯವರೂ ಜೊತೆಗೂಡಿದ್ದರು. 1834ರಲ್ಲಿ ಅದರ ಮೊದಲ ಮೂವರು ಮಂಗಳೂರಿಗೆ ಬಂದರು. ಮಂಗಳೂರು ಸಮಾಚಾರ ಪತ್ರಿಕೆ, ಕಿಟೆಲ್ ನಿಘಂಟು, ಜೆಪ್ಪುವಿನ ಹೆಂಚು ನಮಗೆಲ್ಲ ಗೊತ್ತು. ಇಂಥ ಕೆಲಸ ಮಾಡಿದ ಮಿಷನರಿಗಳನ್ನು ಸಾಕಿದ ಚಿಲ್ಲರೆ ಕಾಸಿನ ಕತೆ ಅಷ್ಟು ಗೊತ್ತಿಲ್ಲ. 1855ರಲ್ಲಿ ಬಾಸೆಲ್‌ನ ರೇಷ್ಮೆ ಪಟ್ಟಿ ಉದ್ಯಮಿ ಕಾರ್ಲ್ ಸಾರಾಸಿನ್ 'ಅರ್ಧ ಬಾಟ್ಸನ್' ಸಂಗ್ರಹ ಆರಂಭಿಸಿದರು; ಬಾಟ್ಸನ್ ಹಳೆಯ ಸ್ವಿಸ್ ನಾಣ್ಯ. ಹತ್ತು ಹತ್ತು ಜನಕ್ಕೆ ಒಬ್ಬ ಸಂಗ್ರಾಹಕ. ಪ್ರತಿಯೊಬ್ಬರಿಂದ ವಾರಕ್ಕೆ ಐದು ಸಾಂಟೀಮ್. ಮನೆಗೆಲಸದವಳೂ ಕೂಲಿಯವನೂ ಕೊಡಬಹುದಾದ ಕಾಸು ಅದು. ಸ್ವಿಟ್ಜರ್ಲೆಂಡ್, ಜರ್ಮನಿಯ ಊರೂರುಗಳಿಗೆ ಈ ಕ್ರಮ ಹಬ್ಬಿತು. ಮತಪ್ರಚಾರವೇ ಮಿಷನ್ನಿನ ಮೊದಲ ಗುರಿಯಾಗಿತ್ತು; ಅದರ ಜೊತೆಗೇ ಶಾಲೆ, ಅನಾಥಾಲಯ, ಚಿಕಿತ್ಸೆಗಳೂ ಬೆಳೆದವು. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಎವಾ ಲೊಂಬಾರ್ಡ್ ಉಡುಪಿಯಲ್ಲಿ ತೆರೆದ ಆಸ್ಪತ್ರೆಯನ್ನು ಊರಿನವರು ಇವತ್ತಿಗೂ 'ಮಿಷನ್ ಆಸ್ಪತ್ರೆ' ಎಂದೇ ಕರೆಯುತ್ತಾರೆ. ಕರಾವಳಿಯ ಆ ಸಭೆಗಳು ಈಗ ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐ ತೆಕ್ಕೆಯಲ್ಲಿವೆ.

ಲೂಥರನ್ ಹೆಸರನ್ನೇ ಉಳಿಸಿಕೊಂಡ ಸಭೆಗಳನ್ನು ಕಾಣಲು ತಿರುವನಂತಪುರದ ಕಡೆ ಹೋಗಬಹುದು. ಅಮೆರಿಕದ ಲೂಥರನ್ ಸಂಘಟನೆಯಾದ ಮಿಸ್ಸೂರಿ ಸಿನಡ್‌ನವರು 1895ರಲ್ಲಿ ನಮ್ಮ ಗಡಿಗೆ ಹತ್ತಿರದ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದರು. ಅವರ ಮೊದಲ ಇಬ್ಬರು ಮಿಷನರಿಗಳಲ್ಲಿ ಒಬ್ಬರಾದ ತಿಯೊಡೋರ್ ನೇತರ್ 1904ರಲ್ಲಿ ಪ್ಲೇಗಿಗೆ ಬಲಿಯಾದರು. ಕೆಲಸ ನಿಲ್ಲಲಿಲ್ಲ; ನಾಗರಕೋಯಿಲ್, ತಿರುವನಂತಪುರಗಳಿಗೆ ಹಬ್ಬಿತು. ಅಂಬೂರಿನಲ್ಲಿ ಬೆಥೆಸ್ದಾ ಆಸ್ಪತ್ರೆ ಎದ್ದಿತು. 1958ರಲ್ಲಿ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಸ್ವತಂತ್ರ ಸಭೆಯಾಯಿತು. ಅತ್ತ ಮಿಸ್ಸೂರಿ ಸಿನಡ್‌ನ ಮಹಿಳೆಯರು 1942ರಲ್ಲಿ ಷಿಕಾಗೋದಲ್ಲಿ ತಮ್ಮದೇ ಸಂಘ ಕಟ್ಟಿದರು. ಅಡುಗೆಮನೆಯ ಮೂಲೆಯಲ್ಲಿಟ್ಟ ಪುಟ್ಟ ಡಬ್ಬಿಗಳಲ್ಲಿ ಕೂಡಿಸಿದ ಚಿಲ್ಲರೆಯೇ ಆ ಸಂಘದ ಬಲ. ಬೈಬಲಿನಲ್ಲಿ ಎರಡು ಕಾಸು ಹಾಕಿದ ಬಡ ವಿಧವೆ ಅವರ ಮಾದರಿ.

ಹೀಗೆ ಚೂರು ಚೂರು ಕೂಡಿಸಿ ನೆರವಾಗುವುದು ಕೇರಳಕ್ಕೆ ಹೊಸತಾಗಿರಲಿಲ್ಲ. ಅನ್ನಕ್ಕಿಡುವ ಅಕ್ಕಿಯಿಂದ ಒಂದು ಹಿಡಿ ತೆಗೆದಿಡುವ 'ಪಿಡಿಯರಿ'ಯಿಂದ ಕ್ಯಾಥೊಲಿಕ್ ಗುರು ಚಾವರ ಕುರಿಯಾಕೋಸ್ ಎಲಿಯಾಸ್ 19ನೇ ಶತಮಾನದಲ್ಲೇ ಬಡ ಮಕ್ಕಳಿಗೆ ಉಣಿಸಿದ್ದರು. ನಮ್ಮ ಮಠಗಳ ಜೋಳಿಗೆ ತುಂಬಿದ್ದೂ ಮನೆಮನೆಯ ಹಿಡಿಯಿಂದಲೇ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ನೋಡಿದವರಿಗೆ ಹಿಡಿ ಹಿಡಿಯಾಗಿ ಕೂಡಿ ದೊಡ್ಡದಾಗುವ ಈ ಗಣಿತ ಬೇಗ ಹೊಳೆಯುತ್ತದೆ. ಬಂದರಿಗಾಗಿ ಎತ್ತಿದ ಹೂಳನ್ನೇ ಹಾಕುತ್ತ ಹಾಕುತ್ತ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಕಟ್ಟಿಸಿದ ನೆಲ ಅದು. ಸಭೆಗಳ ಆಸ್ಪತ್ರೆ, ಹಾಸ್ಟೆಲುಗಳ ಕೆಳಗಿನ ನೆಲವೂ ಹಾಗೆಯೇ ಎದ್ದದ್ದು.

ಶ್ರಮಕಾಲದ ಕಾಣಿಕೆಯ ಕ್ರಮ ಸರಳ. ಬೂದಿ ಬುಧವಾರದ ಸುಮಾರಿಗೆ ಮನೆಗೊಂದು ಡಬ್ಬಿಯೋ ಕವರೋ ಬರುತ್ತದೆ. ಮಾಂಸ ಬಿಟ್ಟವರು ಮಾಂಸದ ದುಡ್ಡು, ಕಾಫಿ ಬಿಟ್ಟವರು ಕಾಫಿಯ ದುಡ್ಡು ಅದಕ್ಕೆ ಹಾಕುತ್ತಾರೆ; ಮಕ್ಕಳು ಚಾಕೊಲೇಟಿನ ಕಾಸು ಹಾಕುತ್ತಾರೆ. ಅಮೆರಿಕದ ಎಷ್ಟೋ ಲೂಥರನ್ ಸಭೆಗಳಲ್ಲಿ ಶ್ರಮಕಾಲದ ಬುಧವಾರ ಸಂಜೆ ಎಲ್ಲರೂ ಸೂಪು, ಬ್ರೆಡ್ಡಿನ ಊಟವಷ್ಟೇ ಮಾಡಿ ಮಿಕ್ಕ ಹಣವನ್ನು ಕಾಣಿಕೆಗೆ ಕೊಡುತ್ತಾರೆ. ಗರಿಗಳ ಭಾನುವಾರಕ್ಕೋ ಈಸ್ಟರಿಗೋ ಡಬ್ಬಿಗಳು ಮರಳುತ್ತವೆ. ಯಾರ ಡಬ್ಬಿಯಲ್ಲಿ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಒಟ್ಟು ಎಷ್ಟಾಯಿತು, ಎಲ್ಲಿಗೆ ಹೋಯಿತು ಎಂಬುದು ಮಾತ್ರ ಎಲ್ಲರಿಗೂ ತಿಳಿಯಬೇಕು. ಲೈಸ್ನಿಗ್‌ನ ನಾಲ್ಕು ಕೀಲಿಗಳ ಕೆಲಸ ಇವತ್ತಿಗೂ ಮುಗಿದಿಲ್ಲ.

ನೆರೆ ಬಂದಾಗ, ಬೆಂಕಿ ಬಿದ್ದಾಗ ನಾವೆಲ್ಲ ಕೊಡುತ್ತೇವೆ; ಕೊಡಲೇಬೇಕು. ಆದರೆ ವೃದ್ಧಾಶ್ರಮದ ಒಲೆ ದಿನಾ ಉರಿಯಬೇಕು, ಆಸ್ಪತ್ರೆಯ ದಾದಿಗೆ ತಿಂಗಳ ಸಂಬಳ ಸಿಗಬೇಕು, ಹಾಸ್ಟೆಲಿನ ಹುಡುಗಿಗೆ ಜೂನ್‌ನಲ್ಲಿ ಪುಸ್ತಕ ಬೇಕು. ಒಮ್ಮೆ ಉಕ್ಕಿ ಇಳಿದುಹೋಗುವ ಕರುಣೆಯಿಂದ ಇವು ನಡೆಯುವುದಿಲ್ಲ. ನಲವತ್ತು ದಿನ ಕೈಗೆ ರೂಢಿಯಾದದ್ದನ್ನು ವರ್ಷವಿಡೀ ಉಳಿಸಿಕೊಳ್ಳುವುದು ಯಾವ ಧರ್ಮದವರಿಗೂ ಕಷ್ಟವಲ್ಲ. ನಿಮ್ಮ ಊರಲ್ಲೂ ಒಂದು ಅನಾಥಾಲಯವೋ ಬಡವರ ಆಸ್ಪತ್ರೆಯೋ ಇದ್ದೀತು. ಅಲ್ಲಿಗೆ ಹೋಗಿ, ತಿಂಗಳ ಅಕ್ಕಿಗೆ ಎಷ್ಟು ಬೇಕು ಎಂದು ಕೇಳಿ. ಅದರಲ್ಲಿ ಒಂದು ಪಾಲು ನಿಮ್ಮದು ಎಂದು ಬರೆಸಿ ಬನ್ನಿ.