ಪಾಚಿ ಮಿತ್ರನೋ, ಶತ್ರುವೋ? ಹವಳದ ತೊಟ್ಟಿಯ ಮೂಲಕ ಒಂದು ಪಾಠ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕಪ್ಪುಹಲಗೆಯ ಮಧ್ಯೆ ಗೆರೆ ಎಳೆದು, ಒಂದು ಕಡೆ ಮಿತ್ರರನ್ನೂ ಇನ್ನೊಂದು ಕಡೆ ಶತ್ರುಗಳನ್ನೂ ಬರೆಯುತ್ತೇವೆ. ಮೊಸರಿನ ಬ್ಯಾಕ್ಟೀರಿಯ ಈ ಕಡೆ, ಕಾಲರಾ ತರುವುದು ಆ ಕಡೆ. ಪಾಚಿ ಎಲ್ಲಿಗೆ? ಹಳೇಬೀಡಿನ ಸಮೀಪದ ಶಾಲೆಯೊಂದರ ಬೋಧನಾಭ್ಯಾಸದಲ್ಲಿ ಹೀಗೆ ಕೇಳಿದಾಗ ಮಕ್ಕಳು ಒಂದೇ ದನಿಯಲ್ಲಿ ‘ಶತ್ರು’ ಎಂದರು. ಕಲ್ಯಾಣಿಯ ಮೆಟ್ಟಿಲಲ್ಲಿ ಜಾರಿಸುವುದು ಅದು, ದನ ಕುಡಿಯುವ ತೊಟ್ಟಿಯನ್ನು ನಾರಿಸುವುದು ಅದು. ಪರಿಹಾರವೂ ಸಿದ್ಧವಿತ್ತು: ‘ಔಷಧಿ ಹಾಕಿ ಸಾಯಿಸ್ಬೇಕು ಮಿಸ್.’

ಈ ಉತ್ತರವನ್ನು ತಿದ್ದದೆ ಮುಂದೆ ಹೋಗುವಂತಿಲ್ಲ. ನಮ್ಮದು ಕೆರೆಗಳ ಸೀಮೆ. ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಅಲ್ಲಿಯ ಕೆರೆಗೂ ಅದೇ ಹೆಸರು. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಇಂದು ತರಗತಿಯಲ್ಲಿ ಕೂತವರೇ ನಾಳೆ ಈ ಕೆರೆಗಳ ಅಚ್ಚುಕಟ್ಟಿನಲ್ಲಿ ಗೊಬ್ಬರ ಹಾಕುವವರು, ಪಂಚಾಯಿತಿಯಲ್ಲಿ ಕೂರುವವರು. ನೀರು ಹಸಿರಾದರೆ ವಿಷ ಸುರಿಯಬೇಕು ಎಂಬ ತಿಳಿವಳಿಕೆಯೊಂದಿಗೆ ಅವರು ಶಾಲೆ ಬಿಡಬಾರದು. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಹವಳದ ಅಕ್ವೇರಿಯಂ. ಒಂದೇ ಗಾಜಿನ ತೊಟ್ಟಿಯಲ್ಲಿ ಪಾಚಿ ಶತ್ರುವಾಗಿಯೂ ಮಿತ್ರನಾಗಿಯೂ ಕಾಣಸಿಗುವುದು ಅಲ್ಲಿ.

ಹವಳ ಎಂದರೇನು?

ಮಕ್ಕಳಿಗೆ ಹವಳವೆಂದರೆ ಉಂಗುರದ ಕೆಂಪು ಕಲ್ಲು. ಅದು ಬೇರೆ ಜಾತಿಯದು. ದಿಬ್ಬ ಕಟ್ಟುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ; ಸಣ್ಣ ಸಣ್ಣ ಪ್ರಾಣಿಗಳು ಗುಂಪಾಗಿ ಬದುಕುವ ವಸಾಹತು. ಒಂದೊಂದು ಪ್ರಾಣಿಯೂ ತನ್ನ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು ಕಟ್ಟಿಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಹೊರೆಯಲ್ಲೂ ಮುಖ್ಯವಾಗಿ ಅದೇ ವಸ್ತು ಇರುತ್ತದೆ. ಹೊರೆಯ ಮೇಲೆ ನಿಂಬೆರಸ ಹಿಂಡಿ ಗುಳ್ಳೆ ಏಳುವುದನ್ನು ತೋರಿಸಿದರೆ ಕಡಲು ಕಾಣದ ಮಗುವಿಗೂ ಹವಳದ ಗೂಡು ಕೈಗೆಟುಕುತ್ತದೆ.

ಇನ್ನು ಮುಖ್ಯ ಸಂಗತಿ. ಈ ಪ್ರಾಣಿಯ ಜೀವಕೋಶಗಳ ಒಳಗೇ ಜೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ವಾಸಿಸುತ್ತದೆ. ಹವಳ ಅದಕ್ಕೆ ನೆಲೆ ಮತ್ತು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಪಾಚಿ ಬೆಳಕಿನಿಂದ ತಯಾರಿಸಿದ ಆಹಾರದಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ನೀರು ಅತಿಯಾಗಿ ಬಿಸಿಯಾದರೆ ಈ ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು. ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂದರೆ ಹವಳಕ್ಕೆ ಪಾಚಿಯಿಲ್ಲದೆ ಬದುಕಿಲ್ಲ.

ತೊಟ್ಟಿಯಲ್ಲಿ ಬೇಡದ ಪಾಚಿ ಏಕೆ?

ಅದೇ ತೊಟ್ಟಿಯ ಗಾಜು, ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ ಹಬ್ಬಿದರೆ ಹವಳಕ್ಕೆ ಬೆಳಕು ಮರೆಯಾಗುತ್ತದೆ, ಜಾಗ ಇಲ್ಲದಾಗುತ್ತದೆ. ಇದಕ್ಕೆ ಕಾರಣ ಹೆಚ್ಚಾದ ಪೋಷಕಾಂಶ ಮತ್ತು ಹೆಚ್ಚಾದ ಬೆಳಕು. ಮೀನಿಗೆ ಹಾಕಿದ ಆಹಾರದಲ್ಲಿ ಉಳಿದದ್ದು ಮತ್ತು ಮೀನಿನ ಹಿಕ್ಕೆ ಕೊಳೆತು ಅಮೋನಿಯ ಬರುತ್ತದೆ. ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್, ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಹಾರದಿಂದಲೇ ಫಾಸ್ಫೇಟೂ ಸೇರುತ್ತದೆ. ನಲ್ಲಿ ಅಥವಾ ಬೋರ್‌ವೆಲ್ ನೀರು ತುಂಬಿಸಿದರೆ ಅದರಲ್ಲಿರುವ ನೈಟ್ರೇಟ್, ಸಿಲಿಕೇಟುಗಳೂ ಜೊತೆಗೂಡುತ್ತವೆ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪುಡಿ ಡಯಾಟಂ. ಅದಕ್ಕೆ ಸಿಲಿಕೇಟ್ ಬೇಕು. ಕೆಂಪು ಲೋಳೆ ನಿಜವಾದ ಪಾಚಿಯೇ ಅಲ್ಲ, ಅದು ಸಯನೋಬ್ಯಾಕ್ಟೀರಿಯ. ಹೀಗೆ ಬಣ್ಣ ನೋಡಿ ಕಾರಣ ಊಹಿಸುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ.

ಹತೋಟಿಯ ಕ್ರಮ

ಹವಳ ಸಾಕುವವರು ಮೊದಲು ಅಳೆಯುತ್ತಾರೆ. ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ. ನೈಟ್ರೇಟ್ 10 ಮಿಲಿಗ್ರಾಂ, ಫಾಸ್ಫೇಟ್ 0.1 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುವುದು ವಾಡಿಕೆ. ಆಮೇಲೆ ಒಳಬರುವುದನ್ನು ತಗ್ಗಿಸುತ್ತಾರೆ: ಆಹಾರ ಕಡಿಮೆ, ಆರ್.ಓ. ಯಂತ್ರದಲ್ಲಿ ಶುದ್ಧವಾದ ನೀರು, ಬೆಳಕಿನ ಅವಧಿಗೆ ಮಿತಿ. ಬಳಿಕ ಒಳಗಿರುವುದನ್ನು ಹೊರತೆಗೆಯುತ್ತಾರೆ: ಕೈಯಿಂದ ಪಾಚಿ ಕೀಳುವುದು, ಆಗಾಗ ಸ್ವಲ್ಪ ನೀರು ಬದಲಿಸುವುದು, ಪಾಚಿ ತಿನ್ನುವ ಬಸವನಹುಳು ಬಿಡುವುದು. ಸ್ಕಿಮ್ಮರ್ ಎಂಬ ಸಾಧನ ಗಾಳಿಗುಳ್ಳೆ ಎಬ್ಬಿಸಿ ಕೊಳೆಯನ್ನು ನೊರೆಯಾಗಿ ಮೇಲೆ ತರುತ್ತದೆ. ಬೇಳೆ ಬೇಯುವಾಗ ಕಟ್ಟುವ ನೊರೆಯನ್ನು ನಾವು ಸೌಟಿನಿಂದ ತೆಗೆಯುವ ಹಾಗೆ. ಪಾಚಿ ಕೊಲ್ಲಲು ತಾಮ್ರದ ಲವಣ ಹಾಕಿದರೆ ಬಸವನಹುಳುವೂ ಹವಳವೂ ಸಾಯುತ್ತವೆ. ಸತ್ತ ಪಾಚಿ ಕೊಳೆತು, ತಾನು ಹೀರಿದ್ದ ಪೋಷಕಾಂಶವನ್ನು ಮತ್ತೆ ನೀರಿಗೇ ಬಿಡುತ್ತದೆ.

ಹಾಗೆಂದು ಪೋಷಕಾಂಶವನ್ನು ಸೊನ್ನೆಗೆ ಇಳಿಸುವುದೂ ತಪ್ಪು. ಆಗ ಹವಳ ಬಣ್ಣಗೆಡುತ್ತದೆ. ಕೆಲವೊಮ್ಮೆ ಡೈನೋಫ್ಲಾಜೆಲೇಟುಗಳ ಕಂದು ಲೋಳೆ ಹಬ್ಬುತ್ತದೆ. ಬೇಕಾದದ್ದು ಸಮತೋಲನ.

ತರಗತಿಯಲ್ಲಿ ಮಾಡಿದ್ದು

ಶಾಲೆಯಲ್ಲಿ ಹವಳ ಸಾಕುವುದು ಆಗದ ಮಾತು, ಕೂಡದ ಮಾತೂ ಹೌದು. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದಲ್ಲೂ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆದ್ದರಿಂದ ತತ್ವವನ್ನು ಕೆರೆಯ ನೀರಿನಲ್ಲೇ ಪರೀಕ್ಷಿಸಿದೆವು. ನಾಲ್ಕು ಪಾರದರ್ಶಕ ಬಾಟಲಿಗಳಿಗೆ ಒಂದೇ ಕೆರೆಯ ನೀರು ತುಂಬಿ, ಎರಡಕ್ಕೆ ಚಿಟಿಕೆ ಡಿ.ಎ.ಪಿ. ಗೊಬ್ಬರ ಹಾಕಿದೆವು. ಗೊಬ್ಬರ ಹಾಕಿದ್ದು ಒಂದು, ಹಾಕದ್ದು ಒಂದು ಕಿಟಕಿಯ ಬೆಳಕಿಗೆ. ಉಳಿದೆರಡು ಮುಚ್ಚಿದ ಪೆಟ್ಟಿಗೆಗೆ. ಏನಾಗಬಹುದೆಂದು ಮಕ್ಕಳು ಮೊದಲೇ ಬರೆದಿಟ್ಟರು. ಗೊಬ್ಬರವಿರುವ ಎರಡೂ ಹಸಿರಾಗುತ್ತವೆ ಎಂದು ಹೆಚ್ಚಿನವರ ಊಹೆ. ಎರಡು ವಾರದ ಹೊತ್ತಿಗೆ ಬೆಳಕು, ಗೊಬ್ಬರ ಎರಡೂ ಇದ್ದ ಬಾಟಲಿ ದಟ್ಟ ಹಸಿರಾಗಿತ್ತು, ಬೆಳಕು ಮಾತ್ರ ಇದ್ದದ್ದು ತಿಳಿ ಹಸಿರು, ಪೆಟ್ಟಿಗೆಯೊಳಗಿನವು ಹಸಿರಾಗಲಿಲ್ಲ. ‘ಹಾಗಾದ್ರೆ ಹೊಲದ ಗೊಬ್ಬರ ಮಳೇಲಿ ಕೊಚ್ಕೊಂಡು ಕೆರೆಗೆ ಬಂದ್ರೆ?’ ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆ ನನ್ನ ಪಾಠ ಯೋಜನೆಯಲ್ಲಿ ಕೊನೆಯ ಹಂತದಲ್ಲಿತ್ತು. ಅವಳೇ ಅಲ್ಲಿಗೆ ತಲುಪಿದ್ದಳು.

ಸಹಪ್ರಶಿಕ್ಷಣಾರ್ಥಿಗಳಿಗೆ ಮೂರು ಸೂಚನೆ. ನೀರನ್ನು ಶಿಕ್ಷಕರೇ ತರಬೇಕು, ಮಕ್ಕಳನ್ನು ಕೆರೆಗೆ ಇಳಿಸಬಾರದು. ಬಾಟಲಿ ಮುಟ್ಟಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು. ಪ್ರಯೋಗ ಮುಗಿದ ಮೇಲೆ ಗೊಬ್ಬರದ ನೀರನ್ನು ಕೆರೆಗಾಗಲಿ ಚರಂಡಿಗಾಗಲಿ ಚೆಲ್ಲದೆ ಗಿಡದ ಬುಡಕ್ಕೆ ಹಾಕಬೇಕು.

ಮೌಲ್ಯಮಾಪನಕ್ಕೆ ನಾನು ಬಳಸಿದ್ದು ಒಂದೇ ಪ್ರಶ್ನೆ: ‘ನಿಮ್ಮೂರಿನ ಕೆರೆ ಹಸಿರಾಗಿದೆ; ಮೊದಲು ಏನು ಮಾಡುವಿರಿ?’ ಔಷಧಿಯ ಮಾತು ಇಬ್ಬರ ಉತ್ತರದಲ್ಲಿ ಮಾತ್ರ ಉಳಿದಿತ್ತು. ಉಳಿದವರು ಬರೆದದ್ದು, ನೀರಿಗೆ ಏನು ಬಂದು ಸೇರುತ್ತಿದೆ ಎಂದು ನೋಡುತ್ತೇವೆ ಎಂದು.