ದನ ಕಟ್ಟಿದಲ್ಲಿ ನವಿಲು ಬಂತು

ಜರ್ಮನಿಯ ಆಲ್ಪ್ಸ್ ತಪ್ಪಲಿನ ಗುಡ್ಡದ ಮೇಲೆ, ಕೆಳಗೆ ಸರೋವರ ಇಟ್ಟುಕೊಂಡು ನಿಂತಿರುವ ನಾಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಕ್ಯಾಲೆಂಡರಿನಲ್ಲಾದರೂ ನೋಡದವರು ಕಡಿಮೆ. ಅಜ್ಜಿಕತೆಯ ರಾಜಕುಮಾರಿಗೆಂದೇ ಕಟ್ಟಿದಂತಿರುವ ಅದೇನೂ ಅಷ್ಟು ಹಳೆಯದಲ್ಲ. ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕೆಲಸ ಶುರುಮಾಡಿಸಿದ. 1886ರಲ್ಲಿ ಆತ ಸತ್ತ ಕೆಲವೇ ವಾರಗಳಿಗೆ ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಟ್ಟರು.

ಹಾವೇರಿ ಜಿಲ್ಲೆಯ ನಮ್ಮ ಬಂಕಾಪುರದ ಕೋಟೆಯದು ಬೇರೆಯೇ ದಾರಿ. ರಾಷ್ಟ್ರಕೂಟ ನೃಪತುಂಗನ ಸಾಮಂತ ಬಂಕೆಯನಿಂದ ಊರಿಗೆ ಹೆಸರು. ಆಮೇಲೆ ಕದಂಬರು, ವಿಜಯನಗರದವರು, ಆದಿಲಶಾಹಿಗಳು, ಸವಣೂರಿನ ನವಾಬರು. ಕಾದಾಟಕ್ಕೇನೂ ಬರವಿರಲಿಲ್ಲ. ಆಳಿದವರೆಲ್ಲ ಹೋದ ಮೇಲೆ ಉಳಿದದ್ದು ಮುರುಕು ಗೋಡೆ, ಆಳವಾದ ಕಂದಕ, ನಡುವೆ ಅರವತ್ತು ಕಂಬದ ಗುಡಿಯೆಂದೇ ಜನ ಕರೆಯುವ ನಗರೇಶ್ವರ.

ಈ ಪಾಳು ಆವರಣಕ್ಕೆ ಬಂದದ್ದು ದನ. ಪಶುಸಂಗೋಪನಾ ಇಲಾಖೆ ಖಿಲಾರಿ ತಳಿ ಸಂವರ್ಧನಾ ಕೇಂದ್ರವನ್ನು ಇಲ್ಲಿ ನಡೆಸಿತು. ನೀಳ ಕೊಂಬಿನ ಬಿಳಿ ಖಿಲಾರಿ ಎತ್ತು ಕಂಡರೆ ಈ ಕಡೆಯ ರೈತನ ಕಣ್ಣು ಇವತ್ತಿಗೂ ಅಲ್ಲೇ ನಿಲ್ಲುತ್ತದೆ. ದನಕ್ಕಾಗಿ ಮೇವು ಬೆಳೆದರು, ಹೊಲಕ್ಕೆ ಸಗಣಿ ಗೊಬ್ಬರ ಹಾಕಿದರು. ಗೊಬ್ಬರದಲ್ಲಿ ಹುಳ, ಮೇವಿನ ತೆನೆಯಲ್ಲಿ ಕಾಳು. ಕಂದಕದ ತುಂಬ ಮರ, ಮುಳ್ಳುಪೊದೆ. ಸುತ್ತ ಗೋಡೆ, ಕಂಡಕಂಡವರು ಬಂದು ಹೋಗುವ ಜಾಗವೂ ಅಲ್ಲ. ನವಿಲಿಗೆ ಇನ್ನೇನು ಬೇಕು? ಯಾರೂ ತಂದು ಸಾಕಲಿಲ್ಲ, ಯೋಜನೆ ಬರೆಯಲಿಲ್ಲ. ತಾನಾಗಿ ಹೆಚ್ಚಿತು. 2006ರಲ್ಲಿ 139 ಎಕರೆಯ ಈ ಜಾಗವನ್ನು ನವಿಲುಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಆಗಿಹೋದ ಕೆಲಸಕ್ಕೆ ಹಾಕಿದ ಮೊಹರು, ಅಷ್ಟೆ. ಲುಡ್ವಿಗ್ ಸ್ವಂತ ಹಣ ಸುರಿದು, ಸಾಲ ಮಾಡಿ ಕಟ್ಟಿಸಿದ ಚೆಲುವು ಇಲ್ಲಿ ಸಗಣಿಯಿಂದ ಒದಗಿತು ಎಂದರೆ ತಪ್ಪಿಲ್ಲ.

ಹೊಸದಾಗಿ ಕಟ್ಟಿದ ಅರಮನೆಯೇ ಬೇಕೆನ್ನುವವರಿಗೆ ಕನಕದಾಸರು ಹುಟ್ಟಿದ ಬಾಡವಿದೆ. ದಾಸರಾಗುವ ಮೊದಲು ಅವರು ದಂಡನಾಯಕ ತಿಮ್ಮಪ್ಪ; ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರ ಅಲ್ಲಿ ಆ ತಿಮ್ಮಪ್ಪನ ಅರಮನೆಯನ್ನು ಮರಳಿ ಎಬ್ಬಿಸಿದೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ನನ್ನ ಮತ ಕಂದಕಕ್ಕೆ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯವರಿಗೆ ಒಂದು ರಜೆಯ ದಿನಕ್ಕೆ ಎರಡೂ ಮುಗಿಯುತ್ತವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಭರಾಟೆ ತಗ್ಗಿ ಮಳೆ ಹಿಡಿದ ಮೇಲೆ ಹೊರಡಿ, ಗಂಡು ನವಿಲು ಗರಿ ಬಿಚ್ಚುವ ಕಾಲ ಅದು. ಬಂಕಾಪುರಕ್ಕೆ ಬೆಳಗ್ಗೆಯೇ ಹೋಗಬೇಕು. ಬಿಸಿಲೇರಿದರೆ ಅವು ಪೊದೆ ಸೇರುತ್ತವೆ. ಬಾಡಕ್ಕೆ ಆಮೇಲೆ ಹೋದರಾಯಿತು.